ನೀರನ್ನು ಒಡಲಲ್ಲಿಟ್ಟುಕೊಂಡ ಓಪಲ್
ಮರಳಿನ ಮುಖ್ಯ ದ್ರವ್ಯವಾದ ಸಿಲಿಕಾ ನೀರಿನೊಡನೆ ಬಂಡೆಯ ಬಿರುಕುಗಳಿಗಿಳಿದು ನಿಧಾನವಾಗಿ ಗಟ್ಟಿಗೊಂಡಾಗ ಓಪಲ್ ರೂಪುಗೊಳ್ಳುತ್ತದೆ. ಅದರೊಳಗಿನ ಅತಿಸೂಕ್ಷ್ಮ ಗೋಲಗಳು ಒಂದೇ ಗಾತ್ರದವಾಗಿದ್ದು ಸಾಲುಸಾಲಾಗಿ ಜೋಡಣೆಗೊಂಡಿದ್ದರೆ ಮಾತ್ರ ಬೆಳಕು ವಿವರ್ತನೆಗೊಂಡು, ಎಂದರೆ ಬಾಗಿ ಬಣ್ಣಗಳಾಗಿ ಬೇರ್ಪಟ್ಟು, ಕಲ್ಲನ್ನು ತಿರುಗಿಸಿದಂತೆಲ್ಲ ಕೆಂಪು ಹಸಿರಾಗಿ, ಹಸಿರು ನೀಲಿಯಾಗಿ ಹೊಳೆಯುತ್ತದೆ. ಆಸ್ಟ್ರೇಲಿಯಾದ ಲೈಟ್ನಿಂಗ್ ರಿಜ್‌ನ ಕಪ್ಪು ಓಪಲ್‌ನಲ್ಲಿ ಕಪ್ಪು ಹಿನ್ನೆಲೆಯಿಂದಾಗಿ ಈ ವರ್ಣಲೀಲೆ ಎದ್ದು ಕಾಣುವುದರಿಂದ ಅದಕ್ಕೆ ಅಗ್ರಸ್ಥಾನ ಸಲ್ಲುವುದು ನ್ಯಾಯವೇ ಆಗಿದೆ. ಮೆಕ್ಸಿಕೋದ ಅಗ್ನಿ ಓಪಲ್ ಕಿತ್ತಳೆ ಮೈಬಣ್ಣಕ್ಕೇ ಹೆಸರಾಗಿದೆ. ಇಥಿಯೋಪಿಯಾದ ವೊಲ್ಲೊ ಪ್ರಾಂತ್ಯದ ಓಪಲ್ ನೀರು ಹೀರಿಕೊಂಡು ಪಾರದರ್ಶಕವಾಗಿ, ಒಣಗಿದ ಮೇಲೆ ಸಾಮಾನ್ಯವಾಗಿ ಮೊದಲಿನಂತಾಗುತ್ತದೆಯಾದರೂ, ಎಣ್ಣೆ, ಅತ್ತರುಗಳನ್ನು ಹೀರಿದರೆ ಶಾಶ್ವತವಾಗಿ ಕಲೆಯಾಗಬಹುದು. ಮೋಸ್ ಮಾಪಕದಲ್ಲಿ ಓಪಲ್‌ನ ಗಡಸುತನ ಸುಮಾರು 5.5ರಿಂದ 6.5, ಧೂಳಿನಲ್ಲಿರುವ ಸ್ಫಟಿಕಶಿಲೆಯದು 7. ಆದ್ದರಿಂದ ಒಣಬಟ್ಟೆಯಿಂದ ಉಜ್ಜದೆ ಮೆತ್ತನೆಯ ಒದ್ದೆ ಬಟ್ಟೆಯಿಂದ ಒರೆಸಬೇಕು, ಬಿಸಿಯಿಂದ ಬಿರುಕು ಬಿಡುವುದರಿಂದ ಒಲೆಯ ಬಳಿ ಉಂಗುರವನ್ನು ಕಳಚಿಡಬೇಕು.