ಹಳೆಯ ರಥಕ್ಕೆ ಹೊಸ ಸಾರಥಿ

ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಸಿದ್ಧವಾದ ಎಂ.ಜಿ.ಬಿ. ಮೋಟಾರುಗಳ ಸಂಖ್ಯೆ 5 ಲಕ್ಷಕ್ಕೂ ಮಿಗಿಲು. ಕಾರ್ಖಾನೆ ಮುಚ್ಚಿ ದಶಕಗಳು ಕಳೆದರೂ ಈ ಪುಟ್ಟ ಕ್ರೀಡಾರಥದ ಮೋಹ ರಸಿಕರನ್ನು ಬಿಟ್ಟಿಲ್ಲ.

ಆದರೆ ಕೊಳ್ಳುವವನು ಬಣ್ಣದ ಹೊಳಪಿಗೆ ಮರುಳಾಗುವಂತಿಲ್ಲ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆ ಹಳೆಯ ಮೋಟಾರಿಗೆ ಅಕ್ಷರಶಃ ಸಲ್ಲುತ್ತದೆ. ಈ ಗಾಡಿಗೆ ಪ್ರತ್ಯೇಕ ಚೌಕಟ್ಟಿಲ್ಲ; ಒಡಲೇ ಅದರ ಬೆನ್ನೆಲುಬು. ಬಾಗಿಲುಗಳ ಕೆಳಗಿನ ಉಕ್ಕಿನ ಟೊಳ್ಳು ತೊಲೆಗಳನ್ನು ತುಕ್ಕು ತಿಂದಿದ್ದರೆ ಇಡೀ ಗಾಡಿಯೇ ಬಲಗುಂದುತ್ತದೆ. ಅದರ 1798 ಸಿ.ಸಿ. ಯಂತ್ರವನ್ನು ಬಿಚ್ಚಿ ಸರಿಪಡಿಸುವುದು ಸುಲಭ; ತುಕ್ಕು ಹಿಡಿದ ಒಡಲನ್ನು ಕತ್ತರಿಸಿ ಬೆಸೆಯುವ ವೆಚ್ಚವಾದರೋ ಕೆಲವೊಮ್ಮೆ ಗಾಡಿಯ ಬೆಲೆಯನ್ನೇ ಮೀರೀತು.

ಹಣ ತೆತ್ತ ಮೇಲೆ ಮನೆಯವರೆಗಿನ ಪಯಣವೇ ನಿಜವಾದ ಪರೀಕ್ಷೆ. ಬ್ರೇಕಿನ ದ್ರವವು ಕಾಲಕ್ರಮದಲ್ಲಿ ಗಾಳಿಯ ತೇವವನ್ನು ಹೀರಿಕೊಂಡು, ಕಾದಾಗ ಕೈಕೊಡಬಹುದು. ವರ್ಷಗಟ್ಟಲೆ ನಿಂತಿದ್ದ ಟೈರು, ನೋಡಲು ಹೊಸದರಂತಿದ್ದರೂ, ನಡುದಾರಿಯಲ್ಲಿ ಬಿರಿದೀತು. ಬಲ್ಲ ಚಾಲಕನು ಹೊರಡುವ ಮುನ್ನ ಇವೆರಡನ್ನೂ ಬದಲಾಯಿಸಿ, ಗಂಟೆಗೆ 100 ಮೈಲಿ ಓಡಬಲ್ಲ ಗಾಡಿಯನ್ನು ನಿಧಾನವಾಗಿಯೇ ನಡೆಸುತ್ತಾನೆ. ಅವನ ಕಣ್ಣು ದಾರಿಯ ಮೇಲಿರುವಂತೆಯೇ ಎಣ್ಣೆಯ ಒತ್ತಡ, ನೀರಿನ ಶಾಖಗಳನ್ನು ತೋರುವ ಮುಳ್ಳುಗಳ ಮೇಲೂ ಇರುತ್ತದೆ. ಮನೆ ಮುಟ್ಟಿದ ಗಾಡಿ ಅಂದಿನಿಂದ ಅವನದು. ಅದರ ತುಕ್ಕೂ ಅವನದೇ!