ತಳ್ಳುವ ಲಾನ್ ಮೋವರ್: ಬ್ಲೇಡಿನ ವೇಗ, ಕೈಕಾಲಿನ ರಕ್ಷಣೆ

ತಳ್ಳಿಕೊಂಡು ಹೋಗುವ ಲಾನ್ ಮೋವರಿನ ರಚನೆ ಬಹಳ ಸರಳ. ನಾಲ್ಕು ಚಕ್ರಗಳ ಮೇಲೆ ಬೋರಲು ಹಾಕಿದ ಒಂದು ಕವಚ, ಕವಚದ ಮೇಲೊಂದು ಸಣ್ಣ ಎಂಜಿನ್ ಅಥವಾ ಮೋಟಾರು, ಅದರ ದಂಡದ ಕೆಳತುದಿಗೆ ಒಂದೇ ಬೋಲ್ಟಿನಿಂದ ಬಿಗಿದ ಉಕ್ಕಿನ ಪಟ್ಟಿ. ಈ ಪಟ್ಟಿಯೇ ಬ್ಲೇಡು. ಅದು ನೆಲಕ್ಕೆ ಸಮಾಂತರವಾಗಿ, ನಿಮಿಷಕ್ಕೆ ಸುಮಾರು 3000 ಸುತ್ತು ತಿರುಗುತ್ತದೆ. ಯಂತ್ರ ಹುಲ್ಲನ್ನು ಕತ್ತರಿಸುವುದು ಈ ವೇಗದಿಂದ. ಯಂತ್ರ ಮಾಡುವ ಅಪಾಯಗಳಲ್ಲಿ ಹೆಚ್ಚಿನವು ಹುಟ್ಟುವುದೂ ಇದೇ ವೇಗದಿಂದ. ಹೀಗಾಗಿ ಸುರಕ್ಷತೆಯ ನಿಯಮಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಈ ವೇಗವನ್ನು ಅರ್ಥ ಮಾಡಿಕೊಳ್ಳುವುದು ಹೆಚ್ಚು ಉಪಯುಕ್ತ.

ಮೊದಲ ಲಾನ್ ಮೋವರ್ ಹೀಗಿರಲಿಲ್ಲ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಸುತ್ತಮುತ್ತ ಉಣ್ಣೆ ಬಟ್ಟೆಯ ಗಿರಣಿಗಳಿದ್ದವು. ನೇಯ್ದ ಬಟ್ಟೆಯ ಮೇಲೆ ಎದ್ದು ನಿಂತ ನವಿರನ್ನು ಸಮನಾಗಿ ಸವರುವ ಯಂತ್ರ ಅಲ್ಲಿ ಬಳಕೆಯಲ್ಲಿತ್ತು. ಅಲ್ಲಿನ ಎಡ್ವಿನ್ ಬಡ್ಡಿಂಗ್ ಅದೇ ತತ್ತ್ವವನ್ನು ಹುಲ್ಲಿಗೆ ಅನ್ವಯಿಸಿ 1830ರಲ್ಲಿ ಪೇಟೆಂಟ್ ಪಡೆದ. ಉರುಳೆಯ ಸುತ್ತ ಜೋಡಿಸಿದ ಬಾಗಿದ ಅಲಗುಗಳು ಕೆಳಗಿನ ಸ್ಥಿರ ಅಲಗಿಗೆ ಒತ್ತಿ ಹುಲ್ಲನ್ನು ಕತ್ತರಿಯಂತೆ ಕತ್ತರಿಸುತ್ತಿದ್ದವು. ಗಾಲ್ಫ್ ಮೈದಾನ, ಕ್ರಿಕೆಟ್ ಅಂಗಳಗಳಲ್ಲಿ ಇಂದಿಗೂ ಉಳಿದಿರುವುದು ಈ ಉರುಳೆಯ ಬಗೆಯೇ. ಮನೆ, ಶಾಲೆ, ಅಪಾರ್ಟ್‌ಮೆಂಟ್ ಅಂಗಳಗಳಲ್ಲಿ ಕಾಣುವುದು ಮಾತ್ರ ಅಡ್ಡ ತಿರುಗುವ ಬ್ಲೇಡಿನ ಯಂತ್ರ. ಇದರಲ್ಲಿ ಎರಡನೆಯ ಅಲಗು ಇಲ್ಲ. ಬೇಲಿಯ ಗಿಡವನ್ನು ಕತ್ತಿ ಬೀಸಿ ಸವರುವಾಗ ಹೇಗೋ ಹಾಗೆ, ಹುಲ್ಲಿನ ಎಸಳು ಬಾಗಿ ತಪ್ಪಿಸಿಕೊಳ್ಳುವ ಮೊದಲೇ ಬ್ಲೇಡು ಅದನ್ನು ಹೊಡೆದು ತುಂಡರಿಸುತ್ತದೆ. ಬ್ಲೇಡಿನ ಹಿಂಬದಿಯ ಅಂಚು ರೆಕ್ಕೆಯಂತೆ ಮೇಲಕ್ಕೆ ಬಾಗಿರುತ್ತದೆ. ಅದು ಎಬ್ಬಿಸುವ ಗಾಳಿ ಮಲಗಿದ ಹುಲ್ಲನ್ನು ನೆಟ್ಟಗೆ ನಿಲ್ಲಿಸಿ, ಕತ್ತರಿಸಿದ್ದನ್ನು ಹಿಂದಿನ ಚೀಲಕ್ಕೋ ಪಕ್ಕದ ಬಾಯಿಗೋ ತೂರುತ್ತದೆ.

53 ಸೆಂಟಿಮೀಟರ್ ಉದ್ದದ ಬ್ಲೇಡು ಈ ವೇಗದಲ್ಲಿ ತಿರುಗಿದಾಗ ಅದರ ತುದಿ ಸೆಕೆಂಡಿಗೆ 80 ಮೀಟರಿಗೂ ಹೆಚ್ಚು, ಅಂದರೆ ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಚಲಿಸುತ್ತದೆ. ಹುಲ್ಲಿನಲ್ಲಿ ಅಡಗಿದ ಜಲ್ಲಿಕಲ್ಲೊಂದು ಬ್ಲೇಡಿನ ತುದಿಗೆ ಸಿಕ್ಕರೆ ಅದೂ ಹೆಚ್ಚುಕಡಿಮೆ ಇಷ್ಟೇ ವೇಗದಲ್ಲಿ ಸಿಡಿಯಬಲ್ಲದು. 50 ಗ್ರಾಂ ತೂಕದ ಕಲ್ಲಿಗೆ ಆಗ ಬರುವ ಚಲನಶಕ್ತಿ 160 ಜೂಲ್; 16 ಕಿಲೋ ತೂಕದ ವಸ್ತು ಒಂದು ಮೀಟರ್ ಎತ್ತರದಿಂದ ಬಿದ್ದಾಗ ದೊರೆಯುವಷ್ಟು ಶಕ್ತಿ. ಕಣ್ಣಿಗೆ ಬಡಿದರೆ ಕಣ್ಣು ಉಳಿಯುವುದಿಲ್ಲ. ಯಂತ್ರ ಹೊರಗೆಳೆಯುವ ಮೊದಲು ಹುಲ್ಲುಹಾಸಿನಲ್ಲಿ ಒಂದು ಸುತ್ತು ನಡೆದು ಕಲ್ಲು, ತಂತಿಯ ತುಂಡು, ತೆಂಗಿನ ಚಿಪ್ಪು, ಆಟಿಕೆ, ನೀರಿನ ಪೈಪುಗಳನ್ನೆಲ್ಲ ಹೆಕ್ಕಬೇಕೆನ್ನುವುದು ಇದಕ್ಕಾಗಿ. ಮಳೆಗಾಲದಲ್ಲಿ ಆಳೆತ್ತರ ಬೆಳೆದ ಹುಲ್ಲಾದರೆ ಹಾವಿರುವ ಸಾಧ್ಯತೆಯೂ ಉಂಟು. ಅಂಥದ್ದನ್ನು ಮೊದಲು ಕುಡುಗೋಲಿನಿಂದ ತಗ್ಗಿಸಿಕೊಂಡು ಆಮೇಲೆ ಯಂತ್ರ ಇಳಿಸುವುದು ಒಳ್ಳೆಯದು.

ಹೊಸ ಯಂತ್ರವನ್ನು ಪೆಟ್ಟಿಗೆಯಿಂದ ತೆಗೆದಾಗ ಹ್ಯಾಂಡಲು ಮಡಚಿರುತ್ತದೆ. ಅದನ್ನು ಬಿಡಿಸಿ ತಿರುಪುಗಳನ್ನು ಬಿಗಿಯುವಾಗ ನಿಯಂತ್ರಣದ ಕೇಬಲ್ಲು ಕೀಲಿನಲ್ಲಿ ಸಿಕ್ಕಿಕೊಳ್ಳದಂತೆ ನೋಡಬೇಕು. ಹೆಚ್ಚಿನ ನಾಲ್ಕು ಸ್ಟ್ರೋಕಿನ ಎಂಜಿನ್ನುಗಳು ಆಯಿಲ್ ಇಲ್ಲದೆಯೇ ಗ್ರಾಹಕರ ಕೈಸೇರುತ್ತವೆ. ಬರೀ ಪೆಟ್ರೋಲ್ ಹಾಕಿ ಸ್ಟಾರ್ಟರ್ ಹಗ್ಗ ಎಳೆದವರ ಎಂಜಿನ್ ಸ್ವಲ್ಪ ಹೊತ್ತಿನಲ್ಲೇ ಹಿಡಿದುಕೊಳ್ಳುತ್ತದೆ, ಮತ್ತೆ ಬಿಡುವುದಿಲ್ಲ. ಯಂತ್ರವನ್ನು ಸಮತಟ್ಟು ನೆಲದಲ್ಲಿಟ್ಟು, ಕೈಪಿಡಿ ಹೇಳಿದ ದರ್ಜೆಯ ಆಯಿಲನ್ನು (ಸಾಮಾನ್ಯವಾಗಿ ಎಸ್‌ಎಇ 30 ಅಥವಾ 10ಡಬ್ಲ್ಯೂ-30) ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿನವರೆಗೆ ತುಂಬಬೇಕು. ಅರ್ಧ ಲೀಟರಿನ ಆಸುಪಾಸು ಹಿಡಿಯುತ್ತದೆ. ಹೆಚ್ಚಾದರೂ ತೊಂದರೆಯೇ: ಆಯಿಲ್ ಉರಿದು ಬಿಳಿ ಹೊಗೆ ಬರುತ್ತದೆ. ಎರಡು ಸ್ಟ್ರೋಕಿನ ಎಂಜಿನ್ನಾದರೆ ಆಯಿಲನ್ನು ಪೆಟ್ರೋಲಿನಲ್ಲೇ ಬೆರೆಸಬೇಕು.

ಪೆಟ್ರೋಲಿನ ವಿಷಯಕ್ಕೆ ಹೆಚ್ಚು ಗಮನ ಬೇಕು. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಈ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದುಹೋಗಿ ದೂರದ ಕಿಡಿಯನ್ನೂ ಮುಟ್ಟಬಲ್ಲದು. ಆದ್ದರಿಂದ ಟ್ಯಾಂಕು ತುಂಬುವುದು ಬಯಲಲ್ಲೇ, ಎಂಜಿನ್ ತಣಿದ ಮೇಲೆಯೇ. ನೀರಿನ ಬಾಟಲಿಯಲ್ಲಿ ಪೆಟ್ರೋಲ್ ತರುವ ರೂಢಿಯನ್ನು ಬಿಟ್ಟು ಅದಕ್ಕೆಂದೇ ಮಾಡಿದ ಕ್ಯಾನನ್ನು ಬಳಸಬೇಕು. ಬಂಕಿನಲ್ಲಿ ತುಂಬಿಸುವಾಗ ಕ್ಯಾನು ನೆಲದ ಮೇಲಿದ್ದರೆ ಸ್ಥಾಯಿ ವಿದ್ಯುತ್ತಿನ ಕಿಡಿಯ ಭಯ ಕಡಿಮೆ. ಭಾರತದ ಬಂಕುಗಳಲ್ಲಿ ಈಗ ಸಿಗುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಆದರೆ ಎಷ್ಟೋ ಸಣ್ಣ ಎಂಜಿನ್ನುಗಳ ಕೈಪಿಡಿಗಳು ಶೇ. 10ರ ಮಿತಿ ಹೇಳುತ್ತವೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ರಬ್ಬರಿನ ಕೊಳವೆಗಳನ್ನು ಮೆತ್ತಗಾಗಿಸುತ್ತದೆ. ವಾರಗಟ್ಟಲೆ ನಿಂತ ಪೆಟ್ರೋಲ್ ಕಾರ್ಬುರೇಟರಿನ ಕೂದಲೆಳೆಯಂಥ ರಂಧ್ರಗಳಲ್ಲಿ ಅಂಟು ಕಟ್ಟುತ್ತದೆ. ಕೊಳ್ಳುವ ಮುನ್ನವೇ ಕೈಪಿಡಿಯಲ್ಲಿ ಈ ಮಿತಿಯನ್ನು ನೋಡಿಕೊಳ್ಳಬೇಕು. ಒಂದು ತಿಂಗಳಿಗೆ ಬೇಕಾದಷ್ಟೇ ಪೆಟ್ರೋಲ್ ತರುವುದು ಜಾಣತನ.

ಹ್ಯಾಂಡಲಿನ ಮೇಲಂಚಿನಲ್ಲಿ ಕೈಯಿಂದ ಒತ್ತಿ ಹಿಡಿಯಬೇಕಾದ ಒಂದು ಸರಳು ಇರುತ್ತದೆ. ಅದನ್ನು ಬಿಟ್ಟೊಡನೆ ಎಂಜಿನ್ನಿಗೆ ಕಿಡಿ ನಿಲ್ಲುತ್ತದೆ, ಬ್ರೇಕು ಬಿದ್ದು ಬ್ಲೇಡು ನಿಲ್ಲುತ್ತದೆ. ಅಮೆರಿಕದಲ್ಲಿ 1982ರ ಮಧ್ಯಭಾಗದಿಂದ ತಯಾರಾದ ತಳ್ಳುವ ಮೋವರುಗಳಿಗೆ, ಸರಳು ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡು ನಿಲ್ಲಬೇಕೆಂಬ ನಿಯಮ ಕಡ್ಡಾಯವಾಯಿತು. ಯಂತ್ರದ ಅತಿ ಮುಖ್ಯವಾದ ಸುರಕ್ಷತಾ ಭಾಗ ಇದು. ದಿನವಿಡೀ ಹಿಡಿದು ಕೈ ನೋಯುತ್ತದೆಂದು ಇದನ್ನು ಹಗ್ಗದಿಂದಲೋ ತಂತಿಯಿಂದಲೋ ಹ್ಯಾಂಡಲಿಗೆ ಕಟ್ಟಿಬಿಡುವವರಿದ್ದಾರೆ. ಹಾಗೆ ಕಟ್ಟಿದ ಯಂತ್ರ, ತಳ್ಳುವವರು ಜಾರಿ ಬಿದ್ದರೂ ತಿರುಗುತ್ತಲೇ ಇರುತ್ತದೆ. ಎಂಥ ತುರ್ತಿನಲ್ಲೂ ಇದನ್ನು ಒಪ್ಪಲಾಗದು. ಕೆಲಸ ಶುರುಮಾಡುವ ಪ್ರತಿ ಸಲವೂ ಸರಳು ಬಿಟ್ಟು ಬ್ಲೇಡು ನಿಲ್ಲುತ್ತದೆಯೇ ಎಂದು ಪರೀಕ್ಷಿಸಬೇಕು. 3 ಸೆಕೆಂಡು ಎಂಬುದೂ ಸಣ್ಣ ಅವಧಿಯಲ್ಲ: ವೇಗ ಒಂದೇ ಸಮನೆ ಇಳಿದರೂ ಅಷ್ಟರಲ್ಲಿ ಬ್ಲೇಡು 75 ಸುತ್ತು ಹಾಕಿರುತ್ತದೆ. ಸದ್ದು ನಿಂತಿತೆಂದರೆ ಬ್ಲೇಡು ನಿಂತಿತೆಂದು ಅರ್ಥವಲ್ಲ.

ಗಟ್ಟಿಮುಟ್ಟಾದ, ಜಾರದ ಅಟ್ಟೆಯ ಬೂಟು, ಉದ್ದ ಪ್ಯಾಂಟು, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇವು ತಳ್ಳುವವರ ಉಡುಪು. ಪೆಟ್ರೋಲ್ ಯಂತ್ರದ ಸದ್ದು ಸಾಮಾನ್ಯವಾಗಿ 85 ಡೆಸಿಬೆಲ್ ದಾಟುತ್ತದೆ. ದಿನವೂ ಗಂಟೆಗಟ್ಟಲೆ ಕೇಳಿದ ಕಿವಿ ನಿಧಾನವಾಗಿ ಮಂದವಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ ಹವಾಯಿ ಚಪ್ಪಲಿ ಮೆಟ್ಟಿ ಯಂತ್ರ ತಳ್ಳುವ ತೋಟಗಾರರನ್ನು ಕಾಣುವುದು ಅಪರೂಪವಲ್ಲ. ಬೂಟು, ಕನ್ನಡಕ ಕೊಡಿಸುವ ಹೊಣೆ ಕೆಲಸ ಮಾಡಿಸುವ ಸಂಘದ್ದು, ಗುತ್ತಿಗೆದಾರರದ್ದು; ದಿನಗೂಲಿಯವರದ್ದಲ್ಲ. ಮಕ್ಕಳು ಯಂತ್ರದ ಹತ್ತಿರ ಸುಳಿಯಬಾರದು. 12 ವರ್ಷ ತುಂಬದವರ ಕೈಗೆ ತಳ್ಳುವ ಮೋವರ್ ಕೊಡಬಾರದೆಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ.

ಎತ್ತರದ ಹುಲ್ಲಿನ ನಡುವೆ ಹಗ್ಗ ಎಳೆದರೆ ಬ್ಲೇಡು ತೊಡಕಿಕೊಳ್ಳುತ್ತದೆ. ಸಮತಟ್ಟಾದ, ಕಲ್ಲಿಲ್ಲದ ಜಾಗದಲ್ಲಿ ನಿಲ್ಲಿಸಿ, ಕಾಲನ್ನು ಕವಚದಿಂದ ದೂರವಿಟ್ಟು, ಸರಳು ಒತ್ತಿಹಿಡಿದು, ಹಗ್ಗವನ್ನು ಮೊದಲು ಬಿಗಿ ಸಿಗುವವರೆಗೆ ಮೆಲ್ಲಗೆ, ಆಮೇಲೆ ರಭಸದಿಂದ ಎಳೆಯಬೇಕು. ತಣ್ಣಗಿನ ಎಂಜಿನ್ನಿಗೆ ಚೋಕ್ ಬೇಕಾಗಬಹುದು. ಶೆಡ್ಡಿನ ಒಳಗೆ ಎಂಜಿನ್ ಓಡಿಸುವಂತಿಲ್ಲ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ.

ಹುಲ್ಲು ಒಣಗಿರುವಾಗ ಕತ್ತರಿಸಬೇಕು. ಒದ್ದೆ ಹುಲ್ಲಿನಲ್ಲಿ ಕಾಲು ಜಾರುತ್ತದೆಂಬುದು ಒಂದು ಕಾರಣ. ಇದಕ್ಕಿಂತ ದೊಡ್ಡ ಕಾರಣ, ಒದ್ದೆ ಹುಲ್ಲು ಮುದ್ದೆಗಟ್ಟಿ ಹೊರಬಾಯಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಅದನ್ನು ತೆಗೆಯಲು ಮನುಷ್ಯನ ಕೈ ತಾನಾಗಿ ಕೆಳಗೆ ಹೋಗುತ್ತದೆ. ಬೆರಳು ಕಳೆದುಕೊಳ್ಳುವುದು ಹೀಗೆ. ಇಳಿಜಾರಿನಲ್ಲಿ ಯಂತ್ರವನ್ನು ಅಡ್ಡಡ್ಡಲಾಗಿ ನಡೆಸಬೇಕು. ಮೇಲಕ್ಕೆ ತಳ್ಳುವಾಗ ಕಾಲು ತಪ್ಪಿದರೆ ಯಂತ್ರ ಮೈಮೇಲೆ ಬರುತ್ತದೆ, ಕೆಳಕ್ಕೆ ಇಳಿಸುವಾಗ ತಪ್ಪಿದರೆ ಕಾಲು ಯಂತ್ರದಡಿಗೆ ಜಾರುತ್ತದೆ. ಇಳಿಜಾರು 15 ಡಿಗ್ರಿಗಿಂತ ಹೆಚ್ಚಿದ್ದರೆ, ಎಂದರೆ ಒಂದು ಮೀಟರಿಗೆ 27 ಸೆಂಟಿಮೀಟರಿಗಿಂತ ಹೆಚ್ಚು ಏರುವ ನೆಲವಾದರೆ, ಯಂತ್ರ ಬಳಸದಿರುವುದೇ ಸರಿ. ತನ್ನ ಕಡೆಗೆ ಎಳೆದುಕೊಳ್ಳುವುದನ್ನು ಆದಷ್ಟು ತಪ್ಪಿಸಬೇಕು. ಎಳೆಯಲೇಬೇಕಾದಾಗ ನಿಂತು, ಹಿಂದೆ ನೋಡಿ ಎಳೆಯಬೇಕು. ಜಲ್ಲಿ ಹಾಸಿದ ದಾರಿ ದಾಟುವಾಗ, ಚೀಲ ತೆಗೆಯುವಾಗ, ಎತ್ತರ ಬದಲಿಸುವಾಗ ಬ್ಲೇಡು ನಿಂತಿರಬೇಕು.

ವಿದ್ಯುತ್ ಮೋವರಿಗೆ ಹೊಗೆಯಿಲ್ಲ, ಸದ್ದು ಕಡಿಮೆ, ಆದರೆ ವೈರು ಇದ್ದರೆ ಅಪಾಯ ಬೇರೆ ಬಗೆಯದು. ಪ್ಲಗ್ಗಿನ ಹತ್ತಿರದಿಂದ ಶುರುಮಾಡಿ ದೂರಕ್ಕೆ ಸಾಗಿದರೆ ವೈರು ಸದಾ ಈಗಾಗಲೇ ಕತ್ತರಿಸಿದ ಹುಲ್ಲಿನ ಮೇಲೆ, ಬೆನ್ನ ಹಿಂದೆ ಉಳಿಯುತ್ತದೆ. ಆ ಪ್ಲಗ್ಗಿನ ವಿದ್ಯುತ್ ಮಾರ್ಗದಲ್ಲಿ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಒದ್ದೆ ಹುಲ್ಲಿನಲ್ಲಿ ಈ ಯಂತ್ರವನ್ನು ಇಳಿಸಲೇಬಾರದು.

ಎಷ್ಟು ಗಿಡ್ಡ ಕತ್ತರಿಸಬೇಕು? ಒಮ್ಮೆಗೆ ಎಸಳಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಎಲೆ ಹೆಚ್ಚು ಹೋದರೆ ಆಹಾರ ತಯಾರಿ ಕುಗ್ಗಿ ಬೇರು ಬೆಳೆಯುವುದು ನಿಲ್ಲುತ್ತದೆ. ಕರ್ನಾಟಕದ ಹುಲ್ಲುಹಾಸುಗಳಲ್ಲಿ ಹೆಚ್ಚಾಗಿ ಕಾಣುವ ಗರಿಕೆ, ಅಂದರೆ ಬರ್ಮುಡಾ ಹುಲ್ಲು, ನೆಲಕ್ಕೆ ಅಂಟಿ ಹರಿಯುವ ಕಾಂಡದಿಂದ ಚಿಗುರುವುದರಿಂದ ಗಿಡ್ಡ ಕಟಾವನ್ನು ತಾಳಿಕೊಳ್ಳುತ್ತದೆ. ಅಡ್ಡ ಬ್ಲೇಡಿನ ಯಂತ್ರದಲ್ಲಿ ಅದನ್ನು 3ರಿಂದ 4 ಸೆಂಟಿಮೀಟರಿಗೆ ಇಟ್ಟರೆ ಸಾಕು. ಇನ್ನೂ ತಗ್ಗಿಸಿದರೆ ಉಬ್ಬು ನೆಲದಲ್ಲಿ ಬ್ಲೇಡು ಮಣ್ಣನ್ನೇ ಕೆರೆಯುತ್ತದೆ.

ನಿರ್ವಹಣೆಯ ಮೊದಲ ಹೆಜ್ಜೆ ಸ್ಪಾರ್ಕ್ ಪ್ಲಗ್ಗಿನ ತಂತಿಯನ್ನು ಕಿತ್ತು ದೂರ ಸರಿಸುವುದು. ಈ ಎಂಜಿನ್ನುಗಳಲ್ಲಿ ಕಿಡಿಗೆ ಬ್ಯಾಟರಿ ಬೇಕಿಲ್ಲ. ತಿರುಗುಚಕ್ರದಲ್ಲಿ ಕೂಡಿಸಿದ ಅಯಸ್ಕಾಂತ, ಸುರುಳಿಯ ಮುಂದೆ ಹಾದುಹೋಗುವಾಗ ಸಾವಿರಾರು ವೋಲ್ಟಿನ ವಿದ್ಯುತ್ತು ಹುಟ್ಟುತ್ತದೆ. ಬ್ಲೇಡು ಅದೇ ದಂಡಕ್ಕೆ ನೇರವಾಗಿ ಬಿಗಿದಿರುವುದರಿಂದ, ಬ್ಲೇಡನ್ನು ಕೈಯಿಂದ ತಿರುಗಿಸಿದರೆ ಅಯಸ್ಕಾಂತವೂ ತಿರುಗುತ್ತದೆ, ಪಿಸ್ಟನ್ನೂ ಚಲಿಸುತ್ತದೆ. ಸರಳನ್ನು ಕಟ್ಟಿದ್ದರೆ ಅಥವಾ ಕಿಡಿ ನಿಲ್ಲಿಸುವ ತಂತಿ ತುಂಡಾಗಿದ್ದರೆ ಬಿಸಿ ಎಂಜಿನ್ ಒಮ್ಮೆ ಹೊತ್ತಿಕೊಳ್ಳುವ ಸಾಧ್ಯತೆ ಇದೆ, ಕೈಗೆ ಆ ಒಂದು ಸಲವೇ ಸಾಕು. ಪ್ಲಗ್ಗಿನ ತಂತಿ ಬೇರೆಯಾದ ಮೇಲೂ ಸಿಕ್ಕಿಕೊಂಡ ಹುಲ್ಲನ್ನು ಕೋಲಿನಿಂದಲೇ ತೆಗೆಯಬೇಕು. ಬ್ಯಾಟರಿ ಯಂತ್ರವಾದರೆ ಬ್ಯಾಟರಿಯನ್ನೇ ಹೊರತೆಗೆಯಬೇಕು. ಯಂತ್ರವನ್ನು ಓರೆ ಮಾಡುವಾಗ ಕಾರ್ಬುರೇಟರ್ ಮತ್ತು ಏರ್ ಫಿಲ್ಟರ್ ಇರುವ ಬದಿ ಮೇಲಿರಬೇಕು. ತಪ್ಪಿದರೆ ಆಯಿಲ್ ಏರ್ ಫಿಲ್ಟರಿಗೆ ಇಳಿದು ಎಂಜಿನ್ ಉಸಿರುಗಟ್ಟುತ್ತದೆ.

ಮೊಂಡಾದ ಬ್ಲೇಡು ಹುಲ್ಲನ್ನು ಕತ್ತರಿಸದೆ ಹರಿಯುತ್ತದೆ. ಎರಡು ದಿನದಲ್ಲಿ ತುದಿಗಳು ಕಂದು ಬಣ್ಣಕ್ಕೆ ತಿರುಗುವುದು ಅದರ ಗುರುತು. ಸುಮಾರು 25 ಗಂಟೆ ಕೆಲಸಕ್ಕೊಮ್ಮೆ ಬ್ಲೇಡು ಬಿಚ್ಚಿ, ಮೊದಲಿದ್ದ ಕೋನದಲ್ಲೇ ಅರದಿಂದ ಉಜ್ಜಬೇಕು. ಕ್ಷೌರದ ಕತ್ತಿಯಷ್ಟು ಹರಿತ ಬೇಡ. ಬಳಿಕ ಗೋಡೆಗೆ ಹೊಡೆದ ಮೊಳೆಗೆ ಬ್ಲೇಡಿನ ನಡುವಿನ ತೂತನ್ನು ಸಿಕ್ಕಿಸಿ ನೋಡಬೇಕು; ಯಾವ ತುದಿ ಕೆಳಗಿಳಿಯುತ್ತದೋ ಆ ತುದಿಯನ್ನು ಇನ್ನಷ್ಟು ಉಜ್ಜಬೇಕು. ಇದು ಅತಿ ನಾಜೂಕಿನ ಕೆಲಸವೆಂದು ಅನೇಕರು ಬಿಟ್ಟುಬಿಡುತ್ತಾರೆ. ಕೇಂದ್ರದಿಂದ 25 ಸೆಂಟಿಮೀಟರ್ ದೂರದಲ್ಲಿ ಬರೀ 10 ಗ್ರಾಂ ತೂಕ ಹೆಚ್ಚಿದ್ದರೂ, ನಿಮಿಷಕ್ಕೆ 3000 ಸುತ್ತಿನಲ್ಲಿ ಅದು ದಂಡವನ್ನು ಸುಮಾರು 25 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತದೆ, ಸೆಕೆಂಡಿಗೆ 50 ಸಲ ದಿಕ್ಕು ಸುತ್ತುತ್ತ. ಬೇರಿಂಗು ಸವೆಯುವುದು, ಬೋಲ್ಟು ಸಡಿಲವಾಗುವುದು, ಕೈ ಜೋಮುಗಟ್ಟುವುದು ಇದರಿಂದಲೇ. ಮರಳಿ ಜೋಡಿಸುವಾಗ ಬಾಗಿದ ರೆಕ್ಕೆ ಕವಚದ ಕಡೆಗೆ, ಮೇಲ್ಮುಖವಾಗಿರಬೇಕು. ಬೋಲ್ಟನ್ನು ಕೈಪಿಡಿ ಹೇಳಿದ ಬಿಗಿಗೆ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಬೇಕು. ಬಿರುಕು ಬಿಟ್ಟ, ಬಾಗಿದ ಬ್ಲೇಡನ್ನು ಬಡಿದು ನೇರ ಮಾಡಿ ಬಳಸುವುದು ಸಲ್ಲದು.

ಬ್ಲೇಡು ಕಲ್ಲಿಗೋ ಬೇರಿಗೋ ಬಡಿದು ಎಂಜಿನ್ ಥಟ್ಟನೆ ನಿಂತರೆ ಕೂಡಲೇ ಮತ್ತೆ ಹಗ್ಗ ಎಳೆಯಬಾರದು. ತಿರುಗುಚಕ್ರವನ್ನು ದಂಡಕ್ಕೆ ಹಿಡಿದಿಡುವ ಮೆದುಲೋಹದ ಸಣ್ಣ ಕೀಲಿ ಇಂಥ ಹೊಡೆತಕ್ಕೆ ಕತ್ತರಿಸಿಹೋಗುತ್ತದೆ. ಆಗ ಕಿಡಿ ಹೊತ್ತಲ್ಲದ ಹೊತ್ತಿಗೆ ಬಂದು ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಅಥವಾ ಹಗ್ಗವನ್ನು ಕೈಯಿಂದ ಕಿತ್ತುಕೊಂಡಂತೆ ಹಿಂದಕ್ಕೆ ಎಳೆಯುತ್ತದೆ. ಹೊಸದಾಗಿ ನಡುಕ ಕಾಣಿಸಿಕೊಂಡಿದ್ದರೆ ದಂಡ ಬಾಗಿರಬಹುದು. ಅದನ್ನು ಮೆಕ್ಯಾನಿಕ್ಕಿಗೆ ತೋರಿಸಬೇಕು.

ಉಳಿದದ್ದು ವಾಡಿಕೆಯ ಆರೈಕೆ. ಆಯಿಲನ್ನು ಪ್ರತಿ ಸಲವೂ ನೋಡಬೇಕು. ಹೊಸ ಎಂಜಿನ್ನಿನಲ್ಲಿ ಮೊದಲ 5 ಗಂಟೆಯ ನಂತರ, ಆಮೇಲೆ 50 ಗಂಟೆಗೊಮ್ಮೆ ಬದಲಿಸಬೇಕು. ಸ್ಪಂಜಿನ ಏರ್ ಫಿಲ್ಟರನ್ನು ಸೋಪುನೀರಿನಲ್ಲಿ ತೊಳೆದು ಒಣಗಿಸಬಹುದು. ಕಾಗದದ ಫಿಲ್ಟರ್ ಕೊಳೆಯಾದರೆ ಬದಲಿಸುವುದೇ ದಾರಿ. ಬಯಲುಸೀಮೆಯ ಬೇಸಿಗೆಯ ಧೂಳಿನಲ್ಲಿ ಈ ಕೆಲಸ ಬೇಗ ಬೇಗ ಬರುತ್ತದೆ. ಪ್ಲಗ್ಗಿನ ಅಂತರ ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್. ಕವಚದ ಅಡಿಗೆ ಮೆತ್ತಿದ ಹುಲ್ಲನ್ನು ಅಂದೇ ಕೆರೆದು ತೆಗೆಯದಿದ್ದರೆ ಅದರ ತೇವ ತಗಡನ್ನು ತಿನ್ನುತ್ತದೆ.

ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಕೆಲಸವಿಲ್ಲದಾಗ ಟ್ಯಾಂಕು ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬುರೇಟರನ್ನೂ ಖಾಲಿ ಮಾಡಿಡಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿದಿರುವ ಯಂತ್ರವನ್ನು ಬಚ್ಚಲೊಲೆ, ಗ್ಯಾಸ್ ಗೀಸರ್, ದೇವರ ದೀಪ ಉರಿಯುವ ಯಾವ ಕೋಣೆಯಲ್ಲೂ ಇಡಬಾರದು. ಎಂಜಿನ್ ಪೂರ್ತಿ ತಣಿದ ಮೇಲಷ್ಟೇ ಅದರ ಮೇಲೆ ಹೊದಿಕೆ ಹಾಕಬೇಕು.