ಮುಯ್ಯಿ: ಪ್ರಾಣಿಸಮಾಜದಲ್ಲಿ ಪರಸ್ಪರೋಪಕಾರದ ವಿಕಾಸ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಹೊಲಗಳಲ್ಲಿ ಹಿಂಗಾರಿ ಜೋಳದ ಸುಗ್ಗಿ ಬಂದಾಗ ಒಕ್ಕಲಿಗರು ಒಬ್ಬರ ಹೊಲಕ್ಕೆ ಒಬ್ಬರು ಮುಯ್ಯಾಳಾಗಿ ಹೋಗುವ ಪದ್ಧತಿಯು ಹಳೆಯದು. ಇಂದು ನಾಲ್ಕು ಆಳುಗಳ ನೆರವು ಪಡೆದವನು ಮುಂದೆ ನಾಲ್ಕು ಆಳುಗಳ ದುಡಿಮೆಯನ್ನು ಹಿಂದಿರುಗಿಸಬೇಕು; ಇದಕ್ಕೆ ಕೂಲಿಯಿಲ್ಲ, ಪತ್ರವಿಲ್ಲ. ಉಪಕಾರವನ್ನು ತೀರಿಸುವುದೂ ಮುಯ್ಯಿ, ಅಪಕಾರಕ್ಕೆ ಸೇಡು ತೀರಿಸುವುದೂ ಮುಯ್ಯಿ. ಒಂದೇ ಶಬ್ದದಲ್ಲಿ ಅಡಗಿರುವ ಈ ಎರಡು ಅರ್ಥಗಳು ಜೀವಶಾಸ್ತ್ರದ ಒಂದು ಕಠಿನವಾದ ಪ್ರಶ್ನೆಯನ್ನು ಬಿಡಿಸಿಕೊಳ್ಳಲು ನಮಗೆ ನೆರವಾಗುತ್ತವೆ.

ಪ್ರಶ್ನೆಯು ಇದು: ಪರರಿಗಾಗಿ ಶ್ರಮಪಡುವ ಪ್ರಾಣಿಗೆ ನಷ್ಟ, ಆ ಶ್ರಮದ ಫಲವನ್ನುಂಡು ಸುಮ್ಮನಿರುವ ಪ್ರಾಣಿಗೆ ಲಾಭ. ಹೀಗಿರಲು ಉಪಕಾರಶೀಲವು ಅಳಿದುಹೋಗದೆ ಉಳಿದುದು ಹೇಗೆ? ರಕ್ತಸಂಬಂಧಿಗಳಿಗೆ ಮಾಡಿದ ಉಪಕಾರವು ತನ್ನ ವಂಶಗುಣಗಳನ್ನೇ ಬೆಳೆಸುವುದೆಂದು ಹ್ಯಾಮಿಲ್ಟನ್ನರು 1964ರಲ್ಲಿ ತೋರಿಸಿದರು. ಸಂಬಂಧವಿಲ್ಲದವರ ನಡುವಣ ಉಪಕಾರಕ್ಕೆ 1971ರಲ್ಲಿ ಟ್ರಿವರ್ಸರು ಸಮಾಧಾನವನ್ನು ಹೇಳಿದರು: ಕೊಟ್ಟವನ ವೆಚ್ಚಕ್ಕಿಂತ ಪಡೆದವನ ಲಾಭವು ದೊಡ್ಡದಾಗಿರಬೇಕು, ಇಬ್ಬರೂ ಮತ್ತೆ ಮತ್ತೆ ಸಂಧಿಸಬೇಕು, ವಂಚಕನನ್ನು ಗುರುತಿಸಿ ದೂರವಿಡಲು ಬರಬೇಕು. ಆಕ್ಸೆಲ್ರಾಡರು ಗಣಕಯಂತ್ರದಲ್ಲಿ ನಡೆಯಿಸಿದ ಸ್ಪರ್ಧೆಗಳಲ್ಲಿ ರಾಪೊಪೋರ್ಟರ ಅತಿಸರಳವಾದ ತಂತ್ರವೇ ಗೆದ್ದಿತು: ಮೊದಲು ಸಹಕರಿಸು, ಬಳಿಕ ಎದುರಾಳಿ ಮಾಡಿದುದನ್ನೇ ಮಾಡು. ಇದು ನಮ್ಮ ಮುಯ್ಯಿಯೇ. ಸೇಡಿನ ಮುಖವು ಉಪಕಾರದ ಮುಖವನ್ನು ಕಾಯುತ್ತದೆ.

ಆಕ್ಸೆಲ್ರಾಡ್ ಮತ್ತು ಹ್ಯಾಮಿಲ್ಟನ್ನರು 1981ರಲ್ಲಿ ಇದನ್ನು ವಿಕಾಸವಾದಕ್ಕೆ ಅನ್ವಯಿಸಿದರು. ವೆಚ್ಚವು ಒಂದು ಪಾಲು, ಲಾಭವು ನಾಲ್ಕು ಪಾಲು ಆದರೆ, ಮರಳಿ ಸಂಧಿಸುವ ಸಂಭವವು ನಾಲ್ಕರಲ್ಲೊಂದಕ್ಕಿಂತ ಹೆಚ್ಚಿದ್ದಾಗ ಮಾತ್ರ ಮುಯ್ಯಿಯು ನಿಲ್ಲುತ್ತದೆ. ಆದರೆ ವಂಚಕರ ನಡುವೆ ಹುಟ್ಟಿದ ಒಬ್ಬಂಟಿ ಉಪಕಾರಿಗೆ ಮುಯ್ಯಿ ತೀರಿಸುವವರಾರು? ಬೀಜವು ಬಂಧುಗಳ ಚಿಕ್ಕ ಗುಂಪಿನಲ್ಲಿ ಮೊಳೆತು, ಬಳಿಕ ಹೊರಗೆ ಹಬ್ಬಿರಬೇಕೆಂಬುದು ಅವರ ಉತ್ತರ.

ಇದಕ್ಕೆ ಪ್ರಸಿದ್ಧವಾದ ನಿದರ್ಶನವು ಅಮೆರಿಕ ಖಂಡದ ರಕ್ತಪಾಯಿ ಬಾವಲಿ. ಎರಡು ಮೂರು ರಾತ್ರಿ ಆಹಾರ ತಪ್ಪಿದರೆ ಅದು ಸಾಯುವುದು. ಹಸಿದುದಕ್ಕೆ ಉಂಡುದು ತಾನು ಕುಡಿದ ರಕ್ತವನ್ನು ಕಕ್ಕಿ ಕೊಡುವುದೆಂದು ವಿಲ್ಕಿನ್ಸನ್ನರು ಕೋಸ್ಟರಿಕದಲ್ಲಿ ಕಂಡು 1984ರಲ್ಲಿ ಪ್ರಕಟಿಸಿದರು. ಕೊಡುವಾಗ ರಕ್ತಸಂಬಂಧಕ್ಕಿಂತಲೂ ಹಿಂದೆ ಪಡೆದ ಉಪಕಾರವೇ ಬಲವಾದ ಸೂಚಕವೆಂಬುದು ಸಾಕಿದ ಬಾವಲಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ತಿಳಿದುಬಂದಿತು.

ಆದರೂ ಎಲ್ಲ ಸಹಕಾರವನ್ನೂ ಮುಯ್ಯಿಯೆನ್ನಲಾಗದು. ನಮ್ಮ ನಾಡಿನ ಕೋತಿಗಳು ಒಂದರ ಮೈಯನ್ನೊಂದು ಹೆಕ್ಕುವುದನ್ನು ಎಲ್ಲರೂ ನೋಡಿದ್ದೇವೆ. ಆದರೆ ಹೆಣ್ಣುಗಳು ಹುಟ್ಟಿದ ಗುಂಪಿನಲ್ಲಿಯೇ ಉಳಿಯುವುದರಿಂದ ಆ ಜೋಡಿಯು ತಾಯಿಮಗಳಾಗಿರಬಹುದು, ಅಕ್ಕತಂಗಿಯಾಗಿರಬಹುದು. ಬಾಂಧವ್ಯವನ್ನೂ ಮುಯ್ಯಿಯನ್ನೂ ಬೇರ್ಪಡಿಸದೆ ಸಿದ್ಧಾಂತವನ್ನು ಹೇಳುವುದು ಸಲ್ಲದು.

ಮುಯ್ಯಿಗೆ ಆಧಾರವು ಸದ್ಗುಣವೊಂದೇ ಅಲ್ಲ, ಮರಳಿ ಸಂಧಿಸುವೆವೆಂಬ ನಂಬಿಕೆ. ನೆರೆಯವನು ಗುಳೆ ಹೋಗಿ ಸುಗ್ಗಿಗೆ ಬಾರದಿದ್ದರೆ, ಇಬ್ಬರೂ ಸಜ್ಜನರಾಗಿದ್ದರೂ, ಮುಯ್ಯಿಯ ಸಾಲವು ತೀರದೆ ಉಳಿಯುವುದು.